ಗಡಿಪಾರು ಬಂಡೆ

ಬಿಳಗಟ್ಟಿಯ ಕೋಟೆಯ ಅಗಸೆಬಾಗಿಲು ದಾಟಿ ಒಂದು ಕೂಗಳತೆ ಪಡುವಣಕ್ಕೆ ನಡೆದರೆ, ಆನೆ ಮಲಗಿದಂತೆ ಒಂದು ಕರಿಬಂಡೆ ಸಿಗುತ್ತದೆ. ಅದರ ನೆತ್ತಿಯಲ್ಲಿ ಉಳಿಯಿಂದ ಕೊರೆದ ದುಂಡನೆಯ ಕುಳಿ. ಹೆಸರು ಗಡಿಪಾರು ಬಂಡೆ. ಹಿಂದೆ ಕಳ್ಳಕಾಕರನ್ನು ಊರು ಬಿಡಿಸಿ ತಂದು ಕೂರಿಸುತ್ತಿದ್ದ ಜಾಗವಿರಬೇಕೆಂದು ಪರವೂರಿನವರು ಊಹಿಸುವುದುಂಟು. ಗಡಿಪಾರಾದವರು ಕಳ್ಳರಲ್ಲ, ಗಡಿಪಾರು ಮಾಡಿದವನೇ ಕಳ್ಳ ಎನ್ನುತ್ತಾರೆ ನಮ್ಮ ಹಿರಿಯರು.

ಹಿಂದೆ ಒಮ್ಮೆ ಈ ಪಟ್ಟಣದ ಹಿರಿತನ ಗುರುಶಾಂತ ಶೆಟ್ಟರದಾಗಿತ್ತು. ಪೇಟೆಯ ಪ್ರತಿಯೊಂದು ಸೇರಿಗೂ ಅವರ ಮುದ್ರೆ ಬೀಳಬೇಕು. ಮುದ್ರೆಯಿಲ್ಲದ ಸೇರಿನಲ್ಲಿ ಹಿಡಿ ಜೋಳವನ್ನೂ ಅಳೆಯುವಂತಿರಲಿಲ್ಲ. ಆಳುತ್ತಿದ್ದ ದೇಸಾಯಿಗೆ ದುರಾಸೆ ಹುಟ್ಟಿತು. ರೈತರಿಂದ ಕೊಳ್ಳಲು ದೊಡ್ಡದೊಂದು, ಜನಕ್ಕೆ ಮಾರಲು ಸಣ್ಣದೊಂದು, ಹೀಗೆ ಎರಡು ಸೇರು ಮಾಡಿಸಿ ಮುದ್ರೆಗೆ ಕಳಿಸಿದ. ಶೆಟ್ಟರು ತುಂಬಿದ ಪೇಟೆಯಲ್ಲಿ ಎರಡನ್ನೂ ಕಲ್ಲಿನಿಂದ ಜಜ್ಜಿ ಚಪ್ಪಟೆ ಮಾಡಿಬಿಟ್ಟರು. ಅಂದೇ ಸಂಜೆ ಅವರ ಮುದ್ರೆ ಕಿತ್ತುಕೊಂಡು, ಅವರನ್ನು ಉಟ್ಟ ಬಟ್ಟೆಯಲ್ಲೇ ಅಗಸೆಯಾಚೆ ನೂಕಲಾಯಿತು. ಒಳಗೆ ಕಾಲಿಟ್ಟರೆ ತಲೆ ಹೋಗುತ್ತದೆಂದು ಡಂಗುರವೂ ಆಯಿತು.

ಬಂಡೆಯ ಮೇಲೆ ಕೂತ ಶೆಟ್ಟರಿಗೆ ತಲೆಯ ಚಿಂತೆಯಿರಲಿಲ್ಲ. ತಮ್ಮ ಪೇಟೆಯ ಗದ್ದಲ ಗಾಳಿಯಲ್ಲಿ ತೇಲಿ ಬಂದಾಗಲೆಲ್ಲ ಎದ್ದು ನಿಂತು ಅಗಸೆಯತ್ತ ನೋಡುತ್ತಿದ್ದರು. ನಾಲ್ಕು ಸುಗ್ಗಿ ಕಳೆದರೆ ಕಳ್ಳ ಸೇರೇ ವಾಡಿಕೆಯಾಗಿ, ನಿಜದ ಅಳತೆ ಎಷ್ಟೆಂದು ಹೇಳುವವರೇ ಉಳಿಯುವುದಿಲ್ಲವೆಂಬ ಭಯ ಅವರದು. ಏಕೆಂದರೆ ಅವರ ಮುದ್ರೆಯ ಸೇರುಗಳನ್ನೆಲ್ಲ ದೇಸಾಯಿಯ ವಾಡೆಯ ಆಳುಗಳು ಅಂಗಡಿ ಅಂಗಡಿ ಹುಡುಕಿ ಕರಗಿಸಿ, ಜಜ್ಜಿದಂಥವೇ ಎರಡು ಕಳ್ಳ ಸೇರುಗಳನ್ನು ಮತ್ತೆ ಮಾಡಿಸಿದ್ದರು. ಆದರೆ ಅಡುಗೆಮನೆಗೆ ಇಣುಕುವ ಬುದ್ಧಿ ಆ ಗಂಡಸರಿಗೆ ಎಲ್ಲಿಂದ ಬರಬೇಕು! ಮೂರನೆಯ ದಿನ ಶೆಟ್ಟರ ಹೆಂಡತಿ ನೀಲವ್ವ ಬುತ್ತಿ ತಂದಳು. ರೊಟ್ಟಿಯ ಅಡಿಯಲ್ಲಿ ಮನೆಯ ಸೇರಿತ್ತು.

"ಇದನ್ನೂ ಕಸ್ಕೋತಾರ," ಎಂದರು ಶೆಟ್ಟರು.

"ಹಂಗಾರ ಅವರು ಹೊತ್ಕೊಂಡು ಹೋಗಲಾರದಂಥಾದ್ರಾಗ ಅಳತಿ ಇಡ್ರಿ," ಎಂದಳು ನೀಲವ್ವ.

ಶೆಟ್ಟರು ಕಲ್ಲುಕುಟಿಗರಿಂದ ಉಳಿ ಬೇಡಿ ತಂದರು. ಜೋಳ ಸುರಿದು ನೋಡುತ್ತ, ಮತ್ತೆ ಕೊರೆಯುತ್ತ, ತಿಂಗಳೊಪ್ಪತ್ತಿನಲ್ಲಿ ಬಂಡೆಯ ನೆತ್ತಿಯಲ್ಲಿ ಒಂದು ಸೇರಿನ ಕುಳಿ ಮಾಡಿದರು. ಸುದ್ದಿ ಹಳ್ಳಿಹಳ್ಳಿಗೂ ಹಬ್ಬಿತು. ಎತ್ತಿನ ಮೇಲೆ ಹೇರು ತಂದ ರೈತರು ಬಂಡೆಯ ಬಳಿಯೇ ನಿಂತರು. ಪೇಟೆಯವರೂ ಚೀಲ ಹಿಡಿದು ಹೊರಗೇ ಬಂದರು. ವಾಡೆಯ ಕಣಜ ಬರಿದಾದಾಗ ದೇಸಾಯಿ ಕುದುರೆಯೇರಿ ಬಂದು, ತಾನು ಕೊಳ್ಳುವ ಸೇರೇ ಸರಿಯೆಂದು ಗುಡುಗಿದ. ಶೆಟ್ಟರು ಎದುರಾಡಲಿಲ್ಲ. "ಹಂಗಾರ ಸುರೀರಿ, ಧಣಿ," ಎಂದರು. ನೆರೆದ ಜನ ಹಾದಿ ಬಿಡಲಿಲ್ಲ. ಕೊನೆಗೆ ವಾಡೆಯ ಸೇರಿನ ಜೋಳ ಕುಳಿಗೆ ಬಿತ್ತು, ತುಂಬಿತು, ತುಳುಕಿ ಬಂಡೆಯಿಂದಿಳಿದು ಕುದುರೆಯ ಗೊರಸಿನವರೆಗೂ ಉರುಳಿತು. ಕುದುರೆ ತಲೆ ತಗ್ಗಿಸಿ ಮೇಯತೊಡಗಿತು. ದೇಸಾಯಿಯೂ ತಲೆ ತಗ್ಗಿಸಿದ. ಜನರೆದುರಿಗೇ ಮುದ್ರೆಯನ್ನು ತನ್ನ ಕೈಯಾರೆ ಮರಳಿಸಿದ. ಜನ ಶೆಟ್ಟರನ್ನು ಹೆಗಲ ಮೇಲೆ ಹೊತ್ತು ಅಗಸೆ ದಾಟಿಸಿದಾಗ ಆ ಹಿರಿಯ ಜೀವ ಮಗುವಿನಂತೆ ಅತ್ತಿತೆನ್ನುತ್ತಾರೆ.

ಇಂದಿಗೂ ಸಂತೆ ಬಂಡೆಯ ಸುತ್ತಲೇ ಕೂಡುತ್ತದೆ. ನೋಡಲು ಬಂದವರಿಗೆ ಕುಳಿಯ ಜೊತೆ ಒಂದು ಜಗಳವೂ ಕಾಣಸಿಕ್ಕೀತು. ಅಳತೆಯಲ್ಲಿ ಅನುಮಾನ ಬಂದರೆ ಕೊಳ್ಳುವ ಹೆಂಗಸು ಸೊಂಟಕ್ಕೆ ಕೈಯಿಟ್ಟು, "ಬರ್ತೀಯೇನ ಬಂಡೆಗಲ್ಲಿಗೆ?" ಎನ್ನುತ್ತಾಳೆ. ಎಂಥ ಜೋರಿನ ವ್ಯಾಪಾರಿಯೂ ಇನ್ನೊಂದು ಬೊಗಸೆ ಕಾಳು ಸುರಿಯುತ್ತಾನೆ.