ಕೊಳೆಯಾಗದ ಫಿಲ್ಟರ್

"ಅಜ್ಜಾರೇ, ಇಬ್ಬರಲ್ಲಿ ಯಾರನ್ನು ಆರಿಸಲಿ?" ಎಂದು ಚೆನ್ನವೀರ ತನ್ನ ಗುರುಗಳನ್ನು ಕೇಳಿದ.

ಮಠದ ಶಾಲಾ ಮಕ್ಕಳ ದೊಡ್ಡ ಹಾಸ್ಟೆಲಿನ ವಾರ್ಡನ್ ವಯಸ್ಸಾಗಿ ಕೆಲಸ ಬಿಟ್ಟಿದ್ದರು. ಅವರ ಜಾಗಕ್ಕೆ ಬೇರೊಬ್ಬರನ್ನು ಹುಡುಕುವ ಕೆಲಸ ಈ ಶಿಷ್ಯನ ಪಾಲಿಗೆ ಬಂದಿತ್ತು. ಮಠದ್ದೇ ಎರಡು ಚಿಕ್ಕ ಹಾಸ್ಟೆಲುಗಳನ್ನು ನೋಡಿಕೊಳ್ಳುತ್ತಿದ್ದ ಪಂಪಣ್ಣ ಮತ್ತು ಕೊಟ್ರಯ್ಯ, ಇಬ್ಬರೂ ಬರಲು ಸಿದ್ಧರಿದ್ದರು.

"ಕೊಟ್ರಯ್ಯನ ಹೆಸರು ಕೆಟ್ಟಿದೆ. ಅಕ್ಕಿ ಸರಿಯಿಲ್ಲ ಎಂದು ತರುವವನ ಜೊತೆ ಜಗಳ, ಅಡುಗೆಯವರ ಜೊತೆ ಜಗಳ, ಹೋದ ವರ್ಷ ನಮ್ಮ ಮಠದ ಮ್ಯಾನೇಜರ್ ಜೊತೆಗೂ ಜಗಳ. ಯಾವಾಗ ನೋಡಿದರೂ ಮುಖ ಗಂಟು. ಪಂಪಣ್ಣ ಹಾಗಲ್ಲ. ನಿನ್ನೆ ಹೋಗಿ ಅವನ ಜೊತೆ ಊಟ ಮಾಡಿಯೇ ಬಂದೆ. ಇಷ್ಟು ವರ್ಷದಲ್ಲಿ ಅವನ ಕಡೆಯಿಂದ ಒಂದು ದೂರೂ ಬಂದಿಲ್ಲ. ಹೂವಿನಂಥ ಮನುಷ್ಯ. ನನ್ನ ಮನಸ್ಸು ಅವನ ಕಡೆಗಿದೆ."

"ಮನಸ್ಸು ಆಗಲೇ ಅತ್ತ ಹೋಗಿ ಕೂತಿದ್ದರೆ ನನ್ನನ್ನು ಕೇಳಲಿಕ್ಕೆ ಯಾಕಪ್ಪಾ ಬಂದೆ? ಇರಲಿ, ಕೂತುಕೋ," ಎಂದ ಗುರುಗಳು ಕತೆ ಹೇಳತೊಡಗಿದರು.

ಗಣಿಯ ಸೀಮೆಯಲ್ಲಿ ಒಬ್ಬ ಡ್ರೈವರ್ ಇದ್ದ. ಸ್ವಂತ ಕಾರು ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತಿದ್ದ. ಅದಿರಿನ ಲಾರಿಗಳು ತಿರುಗಾಡುವ ರಸ್ತೆ ಅದು. ಅಲ್ಲಿ ಮರವೂ ಕೆಂಪು, ಮನೆಯೂ ಕೆಂಪು, ಒಗೆದು ಹಾಕಿದ ಬಟ್ಟೆಯೂ ಕೆಂಪು. ಕಾರಿನ ಎಂಜಿನ್ ಕೂಡ ಆ ಗಾಳಿಯನ್ನೇ ಎಳೆದುಕೊಳ್ಳಬೇಕು. ಅದನ್ನು ಸೋಸಲಿಕ್ಕೆ ಬಾನೆಟ್ಟಿನ ಕೆಳಗೆ ಮಡಿಕೆ ಮಡಿಕೆ ಕಾಗದದ ಏರ್ ಫಿಲ್ಟರ್ ಇರುತ್ತದೆ, ನೋಡಿದ್ದೀಯಲ್ಲ?

ಅಮಾವಾಸ್ಯೆ ಬಂದರೆ ಅವನು ಕಾರು ತೊಳೆದು, ಗಾಲಿಗೆ ನಿಂಬೆಹಣ್ಣು ಇಟ್ಟು, ಬಾನೆಟ್ ತೆರೆದು ಪೂಜೆ ಮಾಡುತ್ತಿದ್ದ. ಅದಕ್ಕೆ ಮೊದಲು ಫಿಲ್ಟರನ್ನು ಹೊರಗೆ ತೆಗೆದು ಕೊಡವುತ್ತಿದ್ದ. ಕೊಡವಿದಷ್ಟೂ ಕೆಂಧೂಳು. ಅವನಿಗೆ ಅದು ಅಸಹ್ಯ. ಪೂಜೆ ಮಾಡುವ ಗಾಡಿಯೊಳಗೆ ಇಂಥ ಹೊಲಸೇ ಎಂದು ಬೈದುಕೊಳ್ಳುತ್ತಿದ್ದ.

ಫಿಲ್ಟರ್ ಬದಲಿಸುವ ಕಾಲ ಬಂತು. ಅಂಗಡಿಗೆ ಹೋಗಿ, "ಕೊಳೆಯಾಗದಂಥದ್ದು ಕೊಡಯ್ಯಾ" ಎಂದ. ಅಂಗಡಿಯವನು ಆ ಕಾರಿನ ಫಿಲ್ಟರನ್ನೇ ತೆಗೆದುಕೊಟ್ಟ. ಅಲ್ಲೇ ಹಾಕಿ ನೋಡಿದರೆ ಅದರ ಅಂಚು ಬಿಗಿ. ನಾಲ್ಕೂ ಕಡೆ ಒತ್ತಿ ಕೂರಿಸಬೇಕಿತ್ತು. ಇವನಿಗೆ ಅಷ್ಟು ತಾಳ್ಮೆ ಎಲ್ಲಿ? ಪಕ್ಕದಲ್ಲಿ ಬೇರೆ ಕಾರಿನದು ಇತ್ತು, ತುಸು ಚಿಕ್ಕದು. ಅದು ಸಲೀಸಾಗಿ ಕೂತಿತು. ಇದು ನಿಮ್ಮ ಕಾರಿನದಲ್ಲ ಎಂದು ಅಂಗಡಿಯವನು ಹೇಳಿದರೂ ಅದನ್ನೇ ಹಾಕಿಸಿಕೊಂಡು ಬಂದ.

ಮುಂದಿನ ಅಮಾವಾಸ್ಯೆಗೆ ತೆಗೆದು ನೋಡುತ್ತಾನೆ, ಫಿಲ್ಟರ್ ಬೆಳ್ಳಗಿದೆ! ಕೊಡವಿದರೆ ಚಿಟಿಕೆ ಧೂಳಿಲ್ಲ. ಮನುಷ್ಯ ಹಿಗ್ಗಿ ಹೀರೇಕಾಯಿಯಾದ. ಸ್ಟ್ಯಾಂಡಿನ ಡ್ರೈವರುಗಳಿಗೆಲ್ಲ ತೋರಿಸಿ ಬಂದ. ಮನೆಯಲ್ಲಿ ಹೆಂಡತಿ ಅವನ ಅಂಗಿ ಒಗೆಯುತ್ತಿದ್ದಳು. ಅವಳಿಗೂ ತೋರಿಸಿದ.

"ನಿಮ್ಮ ಅಂಗಿ ಕೆಂಪು, ಕಣ್ಣಿನ ರೆಪ್ಪೆಯೂ ಕೆಂಪು. ಇದೊಂದು ಹೇಗ್ರೀ ಬೆಳ್ಳಗೆ ಉಳೀತು?" ಎಂದಳು.

"ಅದಕ್ಕೇ ಅಲ್ಲೇನೇ ಇದನ್ನ ಒಳ್ಳೇ ಮಾಲು ಅನ್ನೋದು!" ಎಂದು ಅವನು ನಕ್ಕ. ಫಿಲ್ಟರಿಗೂ ಒಂದಿಷ್ಟು ಕುಂಕುಮ ಹಚ್ಚಿ ಒಳಗಿಟ್ಟ.

ತಿಂಗಳುಗಳು ಕಳೆದವು. ಕಾರು ಏರಿನಲ್ಲಿ ತಿಣುಕತೊಡಗಿತು. ಹೊಗೆ ಹೆಚ್ಚಾಯಿತು. ಬಂಕಿನವನು ಡೀಸೆಲ್ಲಿಗೆ ಏನೋ ಬೆರೆಸಿದ್ದಾನೆ ಎಂದು ಇವನು ಬೈದ. ಒಮ್ಮೆ ಬಾನೆಟ್ ತೆರೆದೂ ನೋಡಿದ. ಫಿಲ್ಟರ್ ಶುಭ್ರವಾಗಿತ್ತು. ಹಾಗಾದರೆ ಏನೂ ತೊಂದರೆಯಿಲ್ಲ ಎಂದು ಮುಚ್ಚಿದ.

ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ಮಧ್ಯಾಹ್ನ ಅವಳಿಗೆ ನೋವು ಶುರುವಾಯಿತು. ಗಂಡ ಹೆಂಡತಿ ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟರು. ಅರ್ಧ ಗುಡ್ಡ ಹತ್ತಿದ ಮೇಲೆ ಕಾರು ನಿಂತಿತು. ಏನು ಮಾಡಿದರೂ ಎಂಜಿನ್ ಎದ್ದೇಳಲಿಲ್ಲ. ಬೇರೆ ಗಾಡಿ ಸಿಕ್ಕಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ತಾಯಿ ಉಳಿದಳು. ಕೂಸು ಉಳಿಯಲಿಲ್ಲ.

ಆಮೇಲೆ ಮೆಕ್ಯಾನಿಕ್ ಎಂಜಿನ್ ಬಿಚ್ಚಿದ. ಒಳಗೆಲ್ಲ ಕೆಂಪು ಕೆಸರು. ಫಿಲ್ಟರಿನ ಅಂಚಿಗೆ ಸಂದಿ ಇತ್ತು. ಹಾಕಿದ ದಿನದಿಂದ ಅಷ್ಟೂ ಧೂಳು ಅಲ್ಲಿಂದ ನೇರ ಒಳಗೆ ಹೋಗಿತ್ತು. ಡ್ರೈವರ್ ಆ ಬಿಳಿಯ ಫಿಲ್ಟರನ್ನು ಕೈಯಲ್ಲಿ ಹಿಡಿದುಕೊಂಡು ಗ್ಯಾರೇಜಿನ ನೆಲದ ಮೇಲೆಯೇ ಕೂತು ಗೋಳೋ ಎಂದು ಅತ್ತ.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು.

"ಅಯ್ಯೋ ಪಾಪ, ಕೂಸು ಏನು ತಪ್ಪು ಮಾಡಿತ್ತು ಅಜ್ಜಾರೇ! ಅವನಾದರೂ ಒಂದು ಸಲ ಎಂಜಿನ್ ತೆರೆಸಿ ನೋಡಬಾರದಿತ್ತೇ?" ಎಂದ ಚೆನ್ನವೀರ.

ಗುರುಗಳು ಕೇಳಿದರು: "ನಿನ್ನೆ ಪಂಪಣ್ಣನ ಜೊತೆ ಊಟ ಮಾಡಿ ಬಂದೆಯಲ್ಲ, ಅಲ್ಲಿಯ ಮಕ್ಕಳನ್ನು ಮಾತಾಡಿಸಿದೆಯಾ?"