ಬೋಣಿಗೆ ಬಂದ ನವಿಲುಕಾಸು

ಒಂದು ಪೇಟೆ ಇತ್ತಂತೆ. ಪೇಟೆಯ ಮುಂದೆ ಹೊಳೆ, ಹೊಳೆಯಾಚೆ ಘಟ್ಟದ ದಾರಿ. ಆ ಪೇಟೆಯಲ್ಲಿ ಮಾಳವ್ವ ಅಂತ ಒಬ್ಬಳು ಪುರಿ ಹುರಿದು ಮಾರುತ್ತಿದ್ದಳು. ಅವಳ ಗಂಡ ಜವರಪ್ಪ ಹೇರೆತ್ತು ಹೊಡೆದುಕೊಂಡು ಘಟ್ಟ ಇಳಿದು ಉಪ್ಪು ತರುವವನು.

ಒಂದು ಸಲ ಅವನು ಹೊರಟಾಗ ಮಾಳವ್ವ ಅವನ ಕೈಗೊಂದು ತಾಮ್ರದ ಕಾಸು ಕೊಟ್ಟಳಂತೆ. ಕಾಸಿನ ಮೇಲೆ ಆಗಿನ ರಾಜನ ನವಿಲು. ಅಂಚಿಗೆ ಅವಳೇ ಕುಡುಗೋಲಿನಿಂದ ಒಂದು ಕಚ್ಚು ಹಾಕಿದ್ದಳು.

“ಇದೊಂದನ್ನ ಖರ್ಚು ಮಾಡಬೇಡ. ವಾಪಸ್ಸು ಬಂದ ದಿನ ಈ ಕಾಸು ಕೊಟ್ಟು ನನ್ನ ಹತ್ರ ಪುರಿ ತಗೋ.”

“ಕಟ್ಟಿಕೊಂಡ ಹೆಂಡ್ತಿ ಹತ್ರಾನೂ ಕಾಸು ಕೊಟ್ಟೇ ತಿನ್ನಬೇಕಾ?”

“ವ್ಯಾಪಾರ ಅಂದ್ಮೇಲೆ ವ್ಯಾಪಾರ” ಅಂದಳು. ಅವನು ನಕ್ಕು ಕಾಸನ್ನು ಉಡಿದಾರಕ್ಕೆ ಕಟ್ಟಿಕೊಂಡು ಹೊಳೆ ದಾಟಿದ.

ಹೋದವನು ಹೋದ. ಮಳೆಗಾಲ ಬಂತು, ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಹನ್ನೆರಡು ಮಳೆಗಾಲ ಕಳೆದವು. ರಾಜ ಸತ್ತು ಹೊಸ ರಾಜ ಬಂದ. ಅವನದು ಆನೆಕಾಸು. ನವಿಲುಕಾಸನ್ನೆಲ್ಲ ಟಂಕಸಾಲೆಗೆ ತಂದೊಪ್ಪಿಸಿ ಅಂತ ಡಂಗುರ ಹೊಡೆಸಿದ. ಪೇಟೆಯವರು ಕೇಳುತ್ತಾರೆಯೇ? ತೂಕ ಸರಿಯಿದ್ದರೆ ನವಿಲಾದರೇನು, ಆನೆಯಾದರೇನು? ಚಿಲ್ಲರೆಯ ನಡುವೆ ಆಗೊಂದು ಈಗೊಂದು ನವಿಲು ನುಸುಳಿ ಬರುತ್ತಲೇ ಇತ್ತು. ಹಳೇ ಕಾಸು ಕೂಡಿಡುವ ಹುಚ್ಚಿನ ಸಾಹುಕಾರನೊಬ್ಬ ಸಂತೆ ಸಂತೆಗೂ ಬಂದು, ನವಿಲಿಗೊಂದು ಬೆಳ್ಳಿ ರೂಪಾಯಿ ಕೊಟ್ಟು ಒಯ್ಯುತ್ತಿದ್ದನಂತೆ.

ಮಾಳವ್ವ ಬಂದ ಕಾಸನ್ನೆಲ್ಲ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ನವಿಲು ಕಂಡರೆ ಎದೆ ಧಸಕ್ಕೆನ್ನುತ್ತಿತ್ತು. ಹೆಬ್ಬೆರಳಿನಿಂದ ಅಂಚು ಸವರಿದರೆ ನುಣ್ಣಗೆ. ಸಾಹುಕಾರನಿಗೆ ಮಾರಿಬಿಡುತ್ತಿದ್ದಳು. ಮತ್ತೊಂದು ನವಿಲು, ಮತ್ತೆ ಧಸಕ್ಕು, ಮತ್ತೆ ನುಣ್ಣಗೆ. ಅದನ್ನೂ ಮಾರುತ್ತಿದ್ದಳು.

“ಏನವ್ವಾ, ಕಾಸಿಗೆ ಹೆಣ್ಣು ನೋಡೋ ಶಾಸ್ತ್ರ ಮಾಡ್ತಿದ್ದೀಯಾ?” ಅಂತ ಗಿರಾಕಿಗಳು ನಗುತ್ತಿದ್ದರು. ಬೆಳ್ಳಿಯ ಆಸೆ ಅಂದುಕೊಂಡಿದ್ದರು. ಅವಳೂ ಹಾಗೇ ಅಂದುಕೊಳ್ಳಲಿ ಅಂತ ಬಿಟ್ಟಿದ್ದಳು. ಸಂಜೆ ಮಾತ್ರ ಅಂಗಡಿಯ ತಟ್ಟಿ ಹಾಕುವ ಮುಂಚೆ ಒಂದು ಪಾವು ಪುರಿ ಅಳೆದು ಬೇರೆ ಇಡುತ್ತಿದ್ದಳು. ಬೆಳಿಗ್ಗೆ ಅದು ಮೆತ್ತಗಾಗಿರುತ್ತಿತ್ತು. ಎಮ್ಮೆಗೆ ಹಾಕುತ್ತಿದ್ದಳು.

ಅವಳು ನೋಡದ ಕಾಸು ದಿನಕ್ಕೆ ಒಂದೇ, ಬೋಣಿ ಕಾಸು. ಆ ಪೇಟೆಯ ಪದ್ಧತಿ ಅದು. ಬೆಳಗಿನ ಮೊದಲ ಕಾಸನ್ನು ಕಣ್ಣು ಮುಚ್ಚಿ ಕಣ್ಣಿಗೊತ್ತಿಕೊಂಡು ವೀಳ್ಯದೆಲೆಯಲ್ಲಿ ಮಡಿಸಿಬಿಡಬೇಕು. ನೋಡಿದರೆ ‘ಇಷ್ಟೇನಾ’ ಅನ್ನಿಸಿ ದಿನದ ವ್ಯಾಪಾರ ಕೆಡುತ್ತದಂತೆ. ಆಮೇಲೆ ಎಲೆ ಬಿಚ್ಚದೆ ದೇವರ ಹೂವಿಗೋ ದೀಪದೆಣ್ಣೆಗೋ ಕೊಟ್ಟುಬಿಡಬೇಕು.

ಹೀಗಿರುವಾಗ ಒಂದು ಸಂಜೆ ಮಾಳವ್ವ ಎಣ್ಣೆಗೆ ಹೋದಳು. ಗಾಣದ ಸಿದ್ದಣ್ಣ ಚಿಲ್ಲರೆ ಎಣಿಸಿ ಕೊಟ್ಟ. ಅದರಲ್ಲೊಂದು ನವಿಲು. ಅಂಚು ಸವರಿದಳು. ಬೆರಳಿಗೆ ಕಚ್ಚು ಸಿಕ್ಕಿತು.

“ಸಿದ್ದಣ್ಣಾ, ಇದು ಯಾರು ಕೊಟ್ಟ ಕಾಸು?”

“ಎಲೆಯಲ್ಲಿ ಮಡಿಸಿತ್ತಲ್ಲ, ಬಳೆಗಾರನ ಬೋಣಿ. ದೀಪದೆಣ್ಣೆಗೆ ಕೊಟ್ಟ.”

ಯಾವ ಕಾಸು ಯಾರದೆಂದು ಯಾವ ವ್ಯಾಪಾರಿಗೂ ನೆನಪಿರುವುದಿಲ್ಲ. ಬೋಣಿ ಮಾಡಿದ ಕೈಯನ್ನು ಮಾತ್ರ ಯಾರೂ ಮರೆಯುವುದಿಲ್ಲ. ಬಳೆಗಾರನ ಹತ್ತಿರ ಓಡಿದಳು.

“ಬೋಣಿ ಮಾಡಿದ್ದು ಹೂವಿನ ತಿಮ್ಮಕ್ಕ. ಕೊಟ್ಟಾಗಲೇ ಎಲೆಯಲ್ಲಿತ್ತು” ಅಂದ ಬಳೆಗಾರ.

ತಿಮ್ಮಕ್ಕನ ಹತ್ತಿರ ಓಡಿದಳು. ತಿಮ್ಮಕ್ಕ ಹೂ ಕಟ್ಟುತ್ತಾ ತಲೆ ಎತ್ತಿ ನೋಡಿದಳು. “ನಿನಗೇನು ಅರಳುಮರಳಾ ಮಾಳವ್ವಾ? ನಿನ್ನೆ ಸಂಜೆ ದೇವರ ಹೂವಿಗೆ ಅಂತ ನೀನೇ ಕೊಟ್ಟೆಯಲ್ಲ, ನಿನ್ನ ಬೋಣಿ ಕಾಸು!”

ಮಾಳವ್ವ ಕಾಸು ಹಿಡಿದುಕೊಂಡು ಅಲ್ಲೇ ಕೂತು ಅತ್ತಳಂತೆ.

ನಿನ್ನೆಯ ಬೋಣಿ. ಗಡ್ಡದವನೊಬ್ಬ, ಹರಕು ಕಂಬಳಿ. ಪಾವು ಪುರಿ ಕೇಳಿದ್ದ. ಕೊಟ್ಟ ಮೇಲೂ ನಿಂತೇ ಇದ್ದ. ಅವಳು ಅವನ ಹಿಂದೆ ನಿಂತವನ ಕಾಸು ತಿರುಗಿಸಿ ನೋಡುತ್ತಾ, “ಪುರಿ ಬಂತಲ್ಲಪ್ಪಾ, ದಾರಿ ಬಿಡು” ಅಂದಿದ್ದಳು. ಅವನು ದಾರಿ ಬಿಟ್ಟಿದ್ದ. ಹನ್ನೆರಡು ವರ್ಷ ಬಂದ ಕಾಸನ್ನೆಲ್ಲ ನೋಡಿದವಳು ಕಾಸು ಕೊಟ್ಟ ಮುಖ ನೋಡಿರಲಿಲ್ಲ.

“ಅಳೋದು ಆಮೇಲೆ. ಎತ್ತ ಹೋಗಿದ್ದಾನು ಅಂತ ಯೋಚನೆ ಮಾಡು” ಅಂದಳು ತಿಮ್ಮಕ್ಕ.

ಮಾಳವ್ವ ಯೋಚನೆ ಮಾಡಿದಳು. ಕೈಯಲ್ಲಿ ಬೇರೆ ಕಾಸಿದ್ದವನು ಹರಕು ಕಂಬಳಿಯಲ್ಲಿ ಬಂದು ಸುಮ್ಮನೆ ಹೋಗುತ್ತಿರಲಿಲ್ಲ, ಗುರುತು ಹೇಳಿಕೊಂಡು ಮನೆಗೇ ಬರುತ್ತಿದ್ದ. ಅಂದರೆ ಇದ್ದದ್ದೇ ಅದೊಂದು. ಕಾಸಿಲ್ಲದವನನ್ನು ಅಂಬಿಗ ಹೊಳೆ ದಾಟಿಸುವುದಿಲ್ಲ. ಕೂಲಿ ಮಾಡಿಯಾದರೂ ಅವನು ದೋಣಿಯ ಬಾಡಿಗೆ ಸಂಪಾದಿಸಬೇಕು, ಇಷ್ಟರಲ್ಲಿ ದಾಟಿರಲಿಕ್ಕಿಲ್ಲ. ಎದ್ದವಳೇ ಹೊಳೆಯ ಕಡೆ ಓಡಿದಳು.

ಕಡವಿನಲ್ಲಿ ದಿನದ ಕೊನೆಯ ದೋಣಿ ಆಗಷ್ಟೇ ದಡ ಬಿಡುತ್ತಿತ್ತು. ದೋಣಿಯ ತುದಿಯಲ್ಲಿ ಈಚೆಗೆ ಬೆನ್ನು ಹಾಕಿ ಕೂತ ಹರಕು ಕಂಬಳಿ. ಕೂಗಬೇಕು. ಏನಂತ ಕೂಗುವುದು? ಗಂಡನ ಹೆಸರು ಹಿಡಿದು ಕರೆದ ಹೆಂಗಸು ಆ ಸೀಮೆಯಲ್ಲೇ ಇರಲಿಲ್ಲ. ದೋಣಿ ಒಂದು ಮಾರು ಸರಿಯಿತು, ಎರಡು ಮಾರು ಸರಿಯಿತು. ಮಾಳವ್ವ ಸೊಂಟದ ಮಟ್ಟ ನೀರಿಗಿಳಿದು ಕೂಗಿದಳಂತೆ:

“ಓ ಪುರಿ ತಗೊಂಡವನೇ! ಚಿಲ್ಲರೆ ಬಿಟ್ಟು ಹೋಗ್ತಿದ್ದೀಯಲ್ಲೋ!”

ಕಂಬಳಿ ಅಲುಗಿತು. ಮುಖ ತಿರುಗಿತು.

“ನಾ ಕೊಟ್ಟಿದ್ದೇ ಒಂದು ಕಾಸು. ಅದಕ್ಕೆಲ್ಲಿ ಚಿಲ್ಲರೆ?”

“ದಿನಕ್ಕೊಂದು ಪಾವಿನಂಗೆ ಹನ್ನೆರಡು ವರ್ಷದ ಪುರಿ ಅಳೆದಿಟ್ಟಿದ್ದೀನಿ. ಯಾರು ತಿನ್ನಬೇಕು ಅದನ್ನ?”

“ಎತ್ತು ಸತ್ತವು, ಉಪ್ಪು ಕರಗಿತು. ಬರಿಗೈಲಿ ಬರೋಕೆ ನಾಚಿ ಇಷ್ಟು ವರ್ಷ ಊರೂರಲ್ಲಿ ಕೂಲಿ ಮಾಡಿದೆ, ಕೊನೆಗೂ ಬರಿಗೈಲೇ ಬಂದೆ. ಕಾಸು ನೋಡಿ ಗುರುತು ಹಿಡಿದರೆ ಇರೋಣ ಅಂದುಕೊಂಡೆ. ನೀನು ಕಣ್ಣೇ ಬಿಡಲಿಲ್ಲ.”

“ಅದು ಬೋಣಿ ಕಣಪ್ಪಾ! ಹೊತ್ತು ಏರಿದ ಮೇಲೆ ಬರೋಕೆ ನಿನಗೇನು ದಾಡಿಯಾಗಿತ್ತು?”

ಅಂಬಿಗ ಜಲ್ಲೆ ಊರಿ ನಿಲ್ಲಿಸಿದ. “ಲೆಕ್ಕ ದಡದಲ್ಲಿ ಮುಗಿಸ್ಕೊಳ್ಳಿ. ಇಳೀತೀಯೋ, ಬಿಡಲೋ?”

ಜವರಪ್ಪ ನೀರಿಗೇ ಇಳಿದುಬಿಟ್ಟನಂತೆ.

ಮುಂದಿನ ಸಂತೆಗೆ ಸಾಹುಕಾರ ಬಂದ. ಕಾಸು ನೋಡಿ ಮೂಗು ಮುರಿದ. “ಅಂಚು ಮುಕ್ಕಾಗಿದೆ. ಅರ್ಧ ರೂಪಾಯಿ.”

“ಆ ಮುಕ್ಕಿಗೇ ಬೆಲೆ ಸ್ವಾಮಿ. ಇನ್ನೊಂದು ಇಂಥದ್ದು ತೋರಿಸಿ ನೋಡೋಣ. ಎರಡು ಕೊಟ್ಟರೆ ಉಂಟು, ಇಲ್ಲಾಂದರೆ ಇಲ್ಲ” ಅಂದಳು ಮಾಳವ್ವ. ಎರಡೇ ಕೊಟ್ಟನಂತೆ.

ಜವರಪ್ಪನಿಗೆ ಮನಸ್ಸು ತಡೆಯಲಿಲ್ಲ. “ಮಾರೇಬಿಟ್ಟೆಯಾ ಅದನ್ನ?”

“ಇನ್ನು ಅದನ್ನಿಟ್ಟುಕೊಂಡು ಯಾರ ದಾರಿ ಕಾಯಲಿ?” ಅಂದಳಂತೆ.

ಆ ದುಡ್ಡಿಗೆ ಒಂದು ಹೋರಿಗರು ಬಂತು. ಅಂದಿನಿಂದ ಆ ಪೇಟೆಯಲ್ಲಿ ಬೋಣಿ ಮಾಡುವವರ ಮುಖ ನೋಡಿಯೇ ಕಣ್ಣು ಮುಚ್ಚುತ್ತಾರಂತೆ. ಮಾಳವ್ವ ಜವರಪ್ಪರ ಒಲೆಯ ಮೇಲೆ ಪುರಿ ಇನ್ನೂ ಬಿಸಿಯಾಗಿದೆಯಂತೆ. ನಮ್ಮ ಕಥೆಯ ಅಂಗಡಿಗೆ ತಟ್ಟಿ ಹಾಕಿಯಾಯಿತು, ಏಳಿ, ಮನೆಯಲ್ಲಿ ನಿಮ್ಮ ದಾರಿ ಕಾಯುತ್ತಿರುತ್ತಾರೆ.