ಲಿಫ್ಟಿನಲ್ಲಿ ಬಂದ ಭಾಷಣ

ಹೊಸಪೇಟೆಯ ಒಂದು ಅಪಾರ್ಟ್‌ಮೆಂಟಿಗೆ ನಿವೃತ್ತ ಮೇಷ್ಟ್ರು ವೃಷಭೇಂದ್ರಪ್ಪನವರೇ ಅಧ್ಯಕ್ಷರು. ‘ಮನೆಗೆಲಸದವರು ಲಿಫ್ಟ್ ಬಳಸಬಾರದು’ ಎಂದು ಬೋರ್ಡು ಹಾಕಿಸಿದವರೂ ಅವರೇ.

ಮಾನವ ಹಕ್ಕುಗಳ ದಿನ ನಾಲ್ಕು ಮಹಡಿಯ ಮೇಲೆ ತಾರಸಿಯಲ್ಲಿ ಸಭೆ ಸೇರಿತ್ತು. ಭಾಷಣಕ್ಕೆ ಎದ್ದ ಮೇಷ್ಟ್ರು ಜೇಬು ತಡಕಿದರೆ ಹಾಳೆಯೇ ಇಲ್ಲ! ಕೆಳಗೆ ತಮ್ಮ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಹುಲಿಗೆಮ್ಮನಿಗೆ ಫೋನ್ ಮಾಡಿದರು.

“ಟೇಬಲ್ ಮೇಲಿನ ಹಾಳೆ ಎರಡೇ ನಿಮಿಷದಲ್ಲಿ ಇಲ್ಲಿರಬೇಕು!”

“ಮೊಣಕಾಲು ನೋವೈತ್ರಿ. ಲಿಫ್ಟಿನ್ಯಾಗ ಬರ್ಲೇನ್ರಿ?”

“ರೂಲ್ಸು ಅಂದ್ರೆ ರೂಲ್ಸು. ಮೆಟ್ಟಿಲು ಹತ್ತಿ ಬಾ.”

ಎರಡು ನಿಮಿಷಕ್ಕೆ ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ಯಾರೂ ಇಲ್ಲ. ಸ್ಟೂಲಿನ ಮೇಲೆ ಹಾಳೆಯೊಂದೇ ಕೂತಿತ್ತು. ತುಸು ಹೊತ್ತಿನ ಮೇಲೆ ಹುಲಿಗೆಮ್ಮ ಗೋಡೆ ಹಿಡಿದುಕೊಂಡು, ಏದುಸಿರು ಬಿಡುತ್ತಾ ಬಂದಳು.

“ಏನಿದು?” ಎಂದರು ಮೇಷ್ಟ್ರು.

“ಹಾಳಿ ಲಿಫ್ಟಿನ್ಯಾಗ ಬರಬಾರ್ದು ಅಂತ ಬೋರ್ಡಿನ್ಯಾಗ ಇಲ್ರಿ. ಅದನ್ನ ಕೂಡ್ಸಿ ಕಳಿಸಿದೆ. ನಾ ನಡಕೋತ ಬಂದೆ.”

ಸಭೆ ಗೊಳ್ಳೆಂದು ನಕ್ಕಿತು. ಮೇಷ್ಟ್ರು ಹಾಳೆ ಎತ್ತಿಕೊಂಡರು. ‘ಎಲ್ಲ ಮನುಷ್ಯರೂ ಘನತೆಯಲ್ಲಿ ಸಮಾನರು’ ಎಂದು ಅವರದೇ ಕೈಬರಹದ ಮೊದಲ ಸಾಲು. ಹಾಳೆಯಿಂದ ತಲೆಯೆತ್ತಿ ಹುಲಿಗೆಮ್ಮನತ್ತ ನೋಡಿದರು. ಆರು ವರ್ಷದಿಂದ ಮನೆಗೆ ಬರುವ ಈ ಹೆಂಗಸು ಮೊಣಕಾಲು ಒತ್ತಿಕೊಂಡು ನಿಂತದ್ದನ್ನು ಅವರು ಇವತ್ತೇ ನೋಡಿದ್ದು.

“ಇಳಿಯೋವಾಗ ಲಿಫ್ಟಲ್ಲೇ ಹೋಗಮ್ಮ,” ಎಂದರು ಮೆಲ್ಲಗೆ.

“ಬೋರ್ಡು ಇನ್ನೂ ಐತಲ್ರಿ,” ಎಂದು ಹುಲಿಗೆಮ್ಮ ಮೆಟ್ಟಿಲಿನತ್ತ ತಿರುಗಿದಳು.

ಭಾಷಣ ಅಲ್ಲಿಗೇ ನಿಂತಿತು. ಬೋರ್ಡು ಬಿಚ್ಚಲು ಮೇಷ್ಟ್ರು ಆಕೆಯ ಹಿಂದೆಯೇ ಇಳಿದರು. ಒಂದೊಂದು ಮಹಡಿಯಲ್ಲೂ ಆಕೆ ನಿಂತು ಸುಧಾರಿಸಿಕೊಂಡಳು. ಅವಳನ್ನು ದಾಟಿ ಮುಂದೆ ಹೋಗಲು ಮುಖವಿಲ್ಲದೆ ಅವರೂ ತಲೆ ತಗ್ಗಿಸಿ ನಿಂತರು.